ಬೆಳ್ಳುಳ್ಳಿ ತೋಟದ ಸೂಡು

ಅಮುದಾಳಿಗೆ ಚಳಿ ಆಗಿಬರುತ್ತಿರಲಿಲ್ಲ. ಕಂಬಂನಲ್ಲಿ ಹುಟ್ಟಿ, ಕಂಬಂನಲ್ಲೇ ಮದುವೆಯಾಗಿ, ಕಣಿವೆಯ ಬಿಸಿಲಿನಲ್ಲಿ ಅರ್ಧ ಆಯುಷ್ಯ ಕಳೆದವಳು ಅವಳು. ಗಂಡ ತಂಗವೇಲ್ ಬೆಟ್ಟದ ಮೇಲೆ ಕ್ಯಾರೆಟ್ಟು, ಬೀನ್ಸು ಕೊಂಡು ಬತ್ತಲಗುಂಡಿನ ಮಂಡಿಗೆ ಕಳಿಸುವ ವ್ಯಾಪಾರಿ. ದಿನ ಬಿಟ್ಟು ದಿನ ಘಾಟಿ ಹತ್ತಿ ಇಳಿದು ಸೊಂಟ ಹಿಡಿದುಕೊಂಡ ಮೇಲೆ ಅವನು ಕೊಡೈಕಾನಲ್‌ನ ಆಚೆ ಒಂದು ಇಳಿಜಾರಿನಲ್ಲಿ ಮನೆ ಕಟ್ಟಿಸಿ ಹೆಂಡತಿಯನ್ನು ಮೇಲಕ್ಕೆ ಕರೆತಂದ. ಬಂದದ್ದು ಮೇ ತಿಂಗಳಲ್ಲಿ. ಆಗ ಅಮುದಾ ಊರಿನ ನೆಂಟರಿಗೆಲ್ಲ ಫೋನು ಮಾಡಿ, "ಸ್ವರ್ಗ ಕಣೇ, ಫ್ಯಾನೇ ಬೇಡ" ಎಂದು ಹೇಳಿಕೊಂಡಿದ್ದಳು.

ಡಿಸೆಂಬರ್ ಬಂದಾಗ ಸ್ವರ್ಗದ ಬಣ್ಣ ಬದಲಾಯಿತು. ಅಮುದಾ ಸೀರೆಯ ಮೇಲೊಂದು ಸ್ವೆಟರು, ಅದರ ಮೇಲೆ ಗಂಡನ ಸ್ವೆಟರು, ತಲೆಗೆ ಟವೆಲ್ಲು ಸುತ್ತಿಕೊಂಡು ಓಡಾಡತೊಡಗಿದಳು. ಅವಳ ಮುಖದಲ್ಲಿ ನಗು ಕಾಣುತ್ತಿದ್ದದ್ದು ಒಲೆಯ ಮುಂದೆ ಮಾತ್ರ. ಹಾಗಾಗಿ ಅವಳು ಒಲೆ ಬಿಟ್ಟು ಕದಲುತ್ತಿರಲಿಲ್ಲ. ಬೆಂಕಿಯ ಹತ್ತಿರ ನಿಲ್ಲಲು ಒಂದು ನೆಪ ಬೇಕಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ದೋಸೆ ಹುಯ್ಯುತ್ತಿದ್ದಳು. ಹುಯ್ದ ದೋಸೆಯನ್ನು ಯಾರಾದರೂ ತಿನ್ನಲೇಬೇಕು. ಮನೆಯಲ್ಲಿ ಇದ್ದದ್ದು ತಂಗವೇಲ್ ಒಬ್ಬನೇ. ಅವನ ಅಂಗಿಯ ಗುಂಡಿಗಳು ಒಂದೊಂದಾಗಿ ಕಿತ್ತು ಬರತೊಡಗಿದಾಗ ಅವನು ನಿಜವಾಗಿಯೂ ಹೆದರಿದ. ದಿಂಡಿಗಲ್‌ನ ಒಂದು ಅಂಗಡಿಗೆ ಹೋಗಿ ಹೀಟ್ ಪಂಪ್ ಹಾಕಿಸುವುದಕ್ಕೆ ಹೇಳಿ ಬಂದ.

ಅದನ್ನು ಕೂರಿಸಲು ಬಂದವನು ಬಾಲಮುರುಗನ್ ಎಂಬ ತರುಣ ಮೆಕ್ಯಾನಿಕ್. ಮನೆಯವರು ತಮ್ಮತಮ್ಮಲ್ಲಿ ಕಂಬಂ ಕಡೆಯ ಕನ್ನಡ ಮಾತಾಡುವುದು ಕೇಳಿ ಅವನ ಮುಖ ಅರಳಿತು.

"ಅಣ್ಣಾ, ನಮ್ಮ ಮನೇಲೂ ಇದೇ ಕನ್ನಡಾನೇ. ಅಮ್ಮಾ ಪೇಸಿದ್ರೆ ಎಲ್ಲಾ ತಿಳೀತದೆ. ನಾನು ಪೇಸಕ್ಕೆ ಓದ್ರೆ ಮಾತ್ರ ನಾಲಿಗೆ ತಡುಮಾರ್ತದೆ," ಎಂದು ಮಾತಿಗೆ ತಮಿಳು ಬೆರೆಸಿ ಹೇಳಿದ.

ಒಳಗೆ ಗೋಡೆಯ ಮೇಲೆ ಗಾಳಿ ಊದುವ ಉದ್ದನೆಯ ಯಂತ್ರ, ಹೊರಗೆ ಪಕ್ಕದ ಗೋಡೆಯಲ್ಲಿ ಫ್ಯಾನಿರುವ ದೊಡ್ಡ ಪೆಟ್ಟಿಗೆ. ಆ ಪಕ್ಕದ ಗೋಡೆಗೆ ಕಿಟಕಿಯಿರಲಿಲ್ಲ. ಅದರ ಕೆಳಗೆ ಸೊಂಟದೆತ್ತರದ ಒಂದು ಕಲ್ಲಿನ ಬೇಲಿ, ಬೇಲಿಯ ಆಚೆ ಗೋವಿಂದಮ್ಮಾಳ್‌ಳ ಬೆಳ್ಳುಳ್ಳಿ ತೋಟ.

ಗೋವಿಂದಮ್ಮಾಳ್ ಇವರ ಜಾತಿಯವಳೇ, ದೂರದ ನೆಂಟಳು. ಕಂಬಂ ಪಕ್ಕದ ಗೂಡಲೂರಿನಲ್ಲಿ ಭತ್ತದ ಗದ್ದೆಗಳ ನಡುವೆ ಬೆಳೆದು, ಬೆಟ್ಟದ ಮೇಲಿನವನನ್ನು ಮದುವೆಯಾಗಿ, ಈಗ ಒಬ್ಬಳೇ ಬೆಳ್ಳುಳ್ಳಿ ಬೆಳೆದುಕೊಂಡು ಕೋಳಿ ಸಾಕಿಕೊಂಡು ಗಟ್ಟಿಯಾಗಿದ್ದಳು. ತಂಗವೇಲ್ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದ. ಪೆಟ್ಟಿಗೆ ಕೂರಿಸುವಾಗ ಅವಳು ಬೇಲಿಯ ಮೇಲೆ ಮೊಣಕೈ ಊರಿ ನಿಂತು ನೋಡುತ್ತಿದ್ದಳು.

"ಏ ತಂಗವೇಲು, ಇದು ಯಾತಕ್ಕೆ?"

"ಅಮುದಾಗೆ ಕುಳಿರು ತಡೆಯಕ್ಕಾಗಲ್ಲ ಅತ್ತೆ. ಇದು ಮನೇಗೆ ಸೂಡು ಕೊಡ್ತದೆ, ಬೆಚ್ಚಗೆ ಇಡ್ತದೆ."

"ಸೌದೆ ಇಲ್ಲದೆ ಸೂಡು ಎಲ್ಲಿಂದ ಬತ್ತದೆ?"

ತಂಗವೇಲ್‌ಗೆ ಅದು ಗೊತ್ತಿರಲಿಲ್ಲ. ಅವನು ಬಾಲಮುರುಗನ್ ಕಡೆ ನೋಡಿದ. ಬಾಲಮುರುಗನ್‌ಗೆ ತನ್ನ ಯಂತ್ರದ ಬಗ್ಗೆ ಹೇಳುವುದೆಂದರೆ ಬಲು ಇಷ್ಟ. ಅವನು ಅಜ್ಜಿಯ ಕಡೆ ತಿರುಗಿದ. "ಇದು ಸೂಡು ತಯಾರ್ ಮಾಡಲ್ಲ ಪಾಟಿ. ವೊರಗಡೆ ಗಾಳೀಲಿ ಇರೋ ಸೂಡನ್ನ ಇಡಿದು ಒಳಗೆ ತತ್ತದೆ. ಎಷ್ಟು ಕುಳಿರಾದ್ರೂ ಗಾಳೀಲಿ ಕೊಂಚ ಸೂಡು ಇದ್ದೇ ಇರ್ತದೆ. ಅದನ್ನ ಉರಿಞ್ಚಿ ಎಳಕೊಳ್ತದೆ," ಎಂದು ಹೀರುವ ಸದ್ದನ್ನೂ ಮಾಡಿ ತೋರಿಸಿದ.

ಗೋವಿಂದಮ್ಮಾಳ್ ಪೆಟ್ಟಿಗೆಯನ್ನು ನೋಡಿದಳು. ಪೆಟ್ಟಿಗೆಯ ಮುಖ ಯಾವ ಕಡೆಗಿದೆ ಎಂದು ನೋಡಿದಳು. ಆಮೇಲೆ ತನ್ನ ಬೆಳ್ಳುಳ್ಳಿಯನ್ನು ನೋಡಿದಳು. ಮೊಣಕೈ ಒರೆಸಿಕೊಂಡು ಒಳಗೆ ಹೋದಳು.

ಮನೆ ಬೆಚ್ಚಗಾಯಿತು. ಅಮುದಾ ಟವೆಲ್ಲು ಬಿಚ್ಚಿದಳು, ದೋಸೆಗಳು ಎರಡು ಹೊತ್ತಿಗೆ ಇಳಿದವು. ಗಂಡಹೆಂಡಿರು ಸಂಜೆಯ ಹೊತ್ತು ಸೋಫಾದ ಮೇಲೆ ಕುಳಿತು ಟಿವಿ ನೋಡುತ್ತ ಸುಖವಾಗಿದ್ದರು. ಹಾಗೆ ಕುಳಿತಿದ್ದಾಗಲೇ ಒಂದು ಸಂಜೆ ಬಾಗಿಲು ತಳ್ಳಿಕೊಂಡು ಗೋವಿಂದಮ್ಮಾಳ್ ಬಂದಳು. ಒಂದು ಕಂಕುಳಲ್ಲಿ ಚಾಪೆ, ಇನ್ನೊಂದು ಕಂಕುಳಲ್ಲಿ ಕೋಳಿ.

"ವಾಂಗ ಅತ್ತೆ," ಎಂದಳು ಅಮುದಾ. "ಏನು ವಿಸೇಸ?"

"ವಿಸೇಸ ಏನಿಲ್ಲ. ನನ್ನ ಸೂಡು ತಕೊಂಡು ಓಗಾನಾ ಅಂತ ಬಂದೆ."

ಊದುವ ಯಂತ್ರದ ನೇರ ಕೆಳಗೆ ಚಾಪೆ ಹಾಸಿ, ಕಾಲು ಚಾಚಿ ಕುಳಿತು, ಕೋಳಿಯನ್ನು ಪಕ್ಕದಲ್ಲಿ ಇಳಿಸಿದಳು. ಅದು ಒಮ್ಮೆ ರೆಕ್ಕೆ ಕೊಡವಿ ಬಿಸಿಗಾಳಿಗೆ ಮೈಯೊಡ್ಡಿ ಕಣ್ಣು ಮುಚ್ಚಿತು.

ತಂಗವೇಲ್ ನಕ್ಕ. ಹಾಸ್ಯ ಎಂದುಕೊಂಡ. ಗೋವಿಂದಮ್ಮಾಳ್ ನಗಲಿಲ್ಲ.

"ಪೆಟ್ಟಿ ಮುಂದೆ ಕೈ ಇಟ್ಟು ನೋಡೀನಿ ತಂಗವೇಲು. ನನ್ನ ಕಡೆ ಬರೋದು ಬರೀ ಕುಳಿರು ಗಾಳಿ. ಸೂಡೆಲ್ಲ ನೀನು ಎಳಕೊಂಡು, ರಸ ಹಿಂಡಿದ ಸಕ್ಕೆ ನಂಗೆ ಬುಡ್ತಾ ಇದ್ದೀಯ. ತೋಟದಲ್ಲಿ ಬೆಳ್ಳುಳ್ಳಿ ಪೂಂಡು ಮುದುರಿಕೊಂಡು ನಿಂತದೆ. ಈ ಕೋಳಿ ಮೊಟ್ಟೆ ಇಕ್ಕೋದು ನಿಲ್ಸಿಬುಡ್ತು."

"ಅತ್ತೆ, ಈ ಕಾಲದಲ್ಲಿ ಯಾರ ಕೋಳೀನೂ ಸರಿಯಾಗಿ ಇಕ್ಕಲ್ಲ."

"ಆಮಾ, ಅವರವರ ಪಕ್ಕದಲ್ಲೂ ಒಂದೊಂದು ಪೆಟ್ಟಿ ಇರ್ತದೆ."

ತಂಗವೇಲ್ ಟಿವಿಯ ಸದ್ದು ಜೋರು ಮಾಡಿದ. ಅಮುದಾಳಿಗೆ ಮಾತ್ರ ಸಂತೋಷವೇ ಆಗಿತ್ತು. ಮೇಲೆ ಬಂದಾಗಿನಿಂದ ಮಾತಿಗೆ ಜನವಿಲ್ಲದೆ ಬೇಸತ್ತಿದ್ದಳು. ಇಬ್ಬರೂ ಕಂಬಂ, ಗೂಡಲೂರಿನ ಎಲ್ಲ ಮನೆಗಳ ಮದುವೆ, ಮುರಿದ ಮದುವೆಗಳನ್ನು ಮಾತಾಡಿದರು. ಮರುದಿನವೂ ಗೋವಿಂದಮ್ಮಾಳ್ ಬಂದಳು. ಅದರ ಮರುದಿನವೂ ಬಂದಳು. ಸೂಡು ಅವಳದ್ದಾದ ಮೇಲೆ ಬರಬೇಡ ಎನ್ನುವುದು ಹೇಗೆ?

ಅಡ್ಡಿಯಾದದ್ದು ಕೋಳಿ. ಅದಕ್ಕೆ ಕೆಲವೇ ದಿನಗಳಲ್ಲಿ ಈ ಮನೆ ತನ್ನದು ಎನ್ನಿಸಿಬಿಟ್ಟಿತು. ಮೊದಲು ಚಾಪೆಯ ಮೇಲಿತ್ತು, ಆಮೇಲೆ ಸೋಫಾಕ್ಕೆ ಬಂತು, ಆಮೇಲೆ ಟಿವಿಯ ಮೇಲಕ್ಕೆ ಹಾರಿ ಅಲ್ಲಿಂದ ಊದುವ ಯಂತ್ರದ ನೆತ್ತಿಯ ಮೇಲೆ ಕುಳಿತುಕೊಳ್ಳತೊಡಗಿತು. ಒಂದು ಸಂಜೆ ಅದು ತಂಗವೇಲ್‌ನ ಕಾಫಿಯಲ್ಲಿ ಕಾಲಿಟ್ಟಿತು. ಅವನಿಗೆ ರೇಗಿತು.

"ಅತ್ತೆ, ನೀವು ಬನ್ನಿ, ಕೂತ್ಕಳಿ. ಕೋಳೀನ ಮಾತ್ರ ಬುಟ್ಟು ಬನ್ನಿ."

"ಸೂಡು ಕಳಕೊಂಡಿರೋದು ಕೋಳಿ ತಾನೆ? ನಾನಾದ್ರೂ ಕಂಬಳಿ ಒದ್ದುಕೊಂಡೇನು."

"ಕೋಳಿಗೆ ರೆಕ್ಕೆಪುಕ್ಕ ಇಲ್ವಾ?"

"ನಿನ್ನ ಎಂಡ್ತಿಗೆ ಎರಡು ಸ್ವೆಟರ್ ಇಲ್ವಾ?"

ಮಾತಿಗೆ ಮಾತು ಬೆಳೆಯಿತು. ಗೋವಿಂದಮ್ಮಾಳ್ ಚಾಪೆ ಸುತ್ತಿ, ಯಂತ್ರದ ಮೇಲಿದ್ದ ಕೋಳಿಯನ್ನು ಕಾಲು ಹಿಡಿದು ಇಳಿಸಿ, ಹೊಸ್ತಿಲ ಮೇಲೆ ನಿಂತು ಹೇಳಿದಳು: "ನಮ್ಮ ಗೂಡಲೂರಲ್ಲಿ ಮೇಲ್ಗದ್ದೆಯವನು ಕಾಲುವೆಯ ಮಡೆ ಬಾಯಿ ಒಡೆದು ನೀರೆಲ್ಲ ತನಗೇ ತಿರುಗಿಸಿಕೊಂಡ್ರೆ ಸುಮ್ಮನೆ ಬುಡ್ತಿದ್ರಾ? ನಾನೂ ಬುಡಲ್ಲ."

ಅದಾದ ಮರುದಿನವೇ ಯಂತ್ರ ಕೆಟ್ಟಿತು.

ಕೆಟ್ಟದ್ದು ಎಂದರೆ ಪೂರ್ತಿ ನಿಂತದ್ದಲ್ಲ. ಸದ್ದು ಮಾಡುತ್ತಿತ್ತು, ದೀಪ ಉರಿಯುತ್ತಿತ್ತು, ಗಾಳಿಯೂ ಬರುತ್ತಿತ್ತು. ಆದರೆ ಆ ಗಾಳಿ ಹೊರಗಿನ ಮಂಜಿಗಿಂತ ತಣ್ಣಗಿತ್ತು. ಅಮುದಾ ಮೂಲೆಯಿಂದ ಟವೆಲ್ಲು ತೆಗೆದು ಮತ್ತೆ ತಲೆಗೆ ಸುತ್ತಿದಳು. ಅಡುಗೆಮನೆಯಿಂದ ದೋಸೆ ಕಾವಲಿಯ ಸದ್ದು ಕೇಳಿದ ಕೂಡಲೇ ತಂಗವೇಲ್ ಬಾಲಮುರುಗನ್‌ಗೆ ಫೋನು ಮಾಡಿದ.

"ಅಣ್ಣಾ, ಪದರಬೇಡಿ, ಗಾಬರಿ ಬೇಡ. ಮೊದಲು ರಿಮೋಟ್ ನೋಡಿ. ಏನು ಚಿತ್ರ ಕಾಣ್ತದೆ?"

ತಂಗವೇಲ್ ಕನ್ನಡಕ ಹಾಕಿಕೊಂಡು ನೋಡಿದ. "ಹೂವು."

"ಹೂವಾ?"

"ಆಮಾ, ಮಲ್ಲಿಗೆ ಹೂವು ಇದ್ದಂಗೆ ಅದೆ. ಆರು ಎಸಳು. ಚೆಂದಾಗಿ ಅದೆ."

ಆ ಕಡೆ ಬಾಲಮುರುಗನ್ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. "ಅಣ್ಣಾ, ಅದು ಮಲ್ಲಿಗೆ ಅಲ್ಲ, ಮಂಜು. ಐಸ್. ಆ ಚಿತ್ರ ಇದ್ರೆ ಮಿಷಿನ್ ಮನೇನ ಕುಳಿರು ಮಾಡ್ತದೆ. ಸೂರ್ಯ ಬರೋವರೆಗೂ ಬಟನ್ ಅಮುಕಿ."

ಯಾರು ಮಂಜಿನ ಚಿತ್ರಕ್ಕೆ ತಿರುಗಿಸಿದರು? ತಂಗವೇಲ್ ಅಮುದಾಳನ್ನು ನೋಡಿದ, ಅಮುದಾ ತಂಗವೇಲ್‌ನನ್ನು ನೋಡಿದಳು. ರಿಮೋಟಿನ ಮೇಲೆ ಒಣಗಿ ಅಂಟಿದ್ದ ಒಂದು ಬಿಳಿ ಗುರುತನ್ನು ಇಬ್ಬರೂ ಒಟ್ಟಿಗೇ ನೋಡಿದರು. ಕೋಳಿ ಅದರ ಮೇಲೂ ಕುಳಿತು ಹೋಗಿತ್ತು.

ರಿಮೋಟನ್ನು ಒರೆಸಿ ಸೂರ್ಯನನ್ನು ತಂದರು. ಗಾಳಿ ಕೊಂಚ ಬೆಚ್ಚಗಾಯಿತು, ಆದರೆ ಮುದುಕನ ಉಸಿರಿನಂತೆ ಮೆತ್ತಗೆ ಬರುತ್ತಿತ್ತು. ತಂಗವೇಲ್ ಮತ್ತೆ ಫೋನು ಮಾಡಿದ.

"ಫಿಲ್ಟರ್ ತೆಗೆದು ನೋಡಿ ಅಣ್ಣಾ. ಮುಂದಿನ ಮೂಡಿ ಎತ್ತಿದ್ರೆ ಜಾಲರಿ ಸಿಗ್ತದೆ. ಧೂಳು ಕಟ್ಟಿಕೊಂಡಿರ್ತದೆ."

ತಂಗವೇಲ್ ಸ್ಟೂಲು ಹತ್ತಿ ಯಂತ್ರದ ಮುಂದಿನ ಮುಚ್ಚಳ ಎತ್ತಿದ. ಜಾಲರಿಯನ್ನು ಎಳೆದ ಕೂಡಲೇ ಕಂದು, ಬಿಳಿ ಪುಕ್ಕಗಳು ಮುಖದ ಮೇಲೆ ಸುರಿದವು. ಒಂದು ಬಾಯಿಗೂ ಹೋಯಿತು. ಕೆಳಗೆ ನಿಂತಿದ್ದ ಅಮುದಾ ನಗಬಾರದೆಂದು ತುಟಿ ಕಚ್ಚಿಕೊಂಡಳು, ಆಗಲಿಲ್ಲ, ಕೆಳಗೆ ಕುಳಿತುಕೊಂಡು ನಕ್ಕಳು.

"ಧೂಳು ಇತ್ತಾ ಅಣ್ಣಾ?" ಫೋನಿನಲ್ಲಿ ಬಾಲಮುರುಗನ್ ಕೇಳಿದ.

"ಅರ್ಧ ಕೋಳಿ ಇತ್ತು," ಎಂದ ತಂಗವೇಲ್.

ಜಾಲರಿ ತೊಳೆದು ಒಣಗಿಸಿ ಹಾಕಿದರು. ಗಾಳಿ ಜೋರಾಗಿ ಬಂತು, ಬಿಸಿಯಾಗಿಯೂ ಬಂತು. ಇನ್ನೇನು ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ಯಂತ್ರ ಉಸಿರು ಕಟ್ಟಿದಂತೆ ನಿಂತಿತು. ಹೊರಗೆ ಬುಸ್ಸೆಂದು ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಹೀಗೆ ಸಂಜೆಯೆಲ್ಲ ನಡೆಯಿತು. ಮನೆ ಬೆಚ್ಚಗಾಗಲೇ ಇಲ್ಲ.

"ವೊರಗಡೆ ಪೆಟ್ಟಿಗೆ ಏನಾದ್ರೂ ಅಡ್ಡ ಇದೆಯಾ ಅಣ್ಣಾ?" ಎಂದು ಬಾಲಮುರುಗನ್ ಕೇಳಿದ. "ಮುಂದೆ ಗಾಳಿ ಓಡಕ್ಕೆ ಜಾಗ ಬೇಕು. ಇಲ್ಲಾಂದ್ರೆ ಅದು ಬುಟ್ಟ ಕುಳಿರು ಗಾಳೀನ ಅದೇ ತಿರುಗಿ ಎಳಕೊಂಡು ಐಸ್ ಕಟ್ಟಿಕೊಳ್ತದೆ. ಆಮೇಲೆ ಐಸ್ ಕರಗಿಸಕ್ಕೆ ಆಗಾಗ ನಿಲ್ತದೆ."

ಹೊರಗೆ ಮಂಜು ಸುರಿಯುತ್ತಿತ್ತು. ಮನೆಯ ಆ ಪಕ್ಕಕ್ಕೆ ಹೋಗಬೇಕೆಂದರೆ ಹಿಂದಿನಿಂದ ಕೆಸರಿನಲ್ಲಿ ಸುತ್ತಿ ಹೋಗಬೇಕು. ತಂಗವೇಲ್ ಕಂಬಳಿಯನ್ನು ಕಿವಿಯವರೆಗೂ ಎಳೆದುಕೊಂಡು, "ಏನೂ ಇಲ್ಲ ತಂಬಿ, ಎಲ್ಲ ಕ್ಲಿಯರ್," ಎಂದ.

"ಹಾಗಾದ್ರೆ ನಾನೇ ಬರಬೇಕು," ಎಂದು ಬಾಲಮುರುಗನ್ ನಿಟ್ಟುಸಿರು ಬಿಟ್ಟ. ಘಾಟಿಯ ತಿರುವುಗಳು ಅವನ ಹೊಟ್ಟೆಗೆ ಹಿಡಿಸುತ್ತಿರಲಿಲ್ಲ.

ಮರುದಿನ ತಂಗವೇಲ್ ಲೋಡು ಕಳಿಸಲು ಹೋಗಿದ್ದ. ಒಲೆಯ ಗ್ಯಾಸೂ ಮುಗಿದಾಗ ಅಮುದಾಳ ಧೈರ್ಯ ಕುಸಿಯಿತು. ಬೇಲಿಯ ಆಚೆ ಗೋವಿಂದಮ್ಮಾಳ್‌ಳ ಹೆಂಚಿನ ಸಂದಿನಿಂದ ಸೌದೆಯ ಹೊಗೆ ಏಳುತ್ತಿತ್ತು. ಜಗಳವಾಡಿದವರ ಮನೆಗೆ ಹೋಗುವುದು ಹೇಗೆ ಎಂದು ಅಂಗಳದಲ್ಲಿ ಕೊಂಚ ಹೊತ್ತು ನಿಂತಳು. ಹಲ್ಲು ಕಟಕಟ ಎನ್ನತೊಡಗಿದ ಮೇಲೆ ಮಾನ ಹಿಂದೆ ಬಿಟ್ಟು ಹೊರಟಳು.

ಗೋವಿಂದಮ್ಮಾಳ್ ಬಾಗಿಲಲ್ಲಿ ಅವಳನ್ನು ನೋಡಿ, "ಬಾ ಬಾ, ಯಾಕೆ ನಿಂತೆ?" ಎಂದು ಒಲೆಯ ಮುಂದೆ ಮಣೆ ಹಾಕಿದಳು.

"ಕೋಪ ಇಲ್ವಾ ಅತ್ತೆ?"

"ನಿನ್ನ ಮೇಲೆ ಯಾಕೆ ಕೋಪ? ನನ್ನ ಜಗಳ ಪೆಟ್ಟಿ ಜೊತೆ. ಕೊಂಚ ನಿನ್ನ ಗಂಡನ ಜೊತೆ."

ಒಲೆಯಲ್ಲಿ ಸೌದೆ ಕೆಂಪಗೆ ಉರಿಯುತ್ತಿತ್ತು. ಒಣಶುಂಠಿ ಹಾಕಿದ ಸುಕ್ಕು ಕಾಫಿಯ ಲೋಟ ಕೈಗೆ ಬಂತು. ಅಮುದಾ ಅಂಗೈ ಕಾಸಿಕೊಂಡಳು, ಕಾಲು ಕಾಸಿಕೊಂಡಳು, ಬೆನ್ನು ತಿರುಗಿಸಿ ಬೆನ್ನೂ ಕಾಸಿಕೊಂಡಳು. ಹಾಗೆ ಬೆನ್ನು ಕಾಸುತ್ತ ಹಿಂಬಾಗಿಲ ಕಡೆ ಮುಖ ಮಾಡಿದಾಗ ಬೆಳ್ಳುಳ್ಳಿ ತೋಟದ ಆಚೆ ತನ್ನ ಮನೆಯ ಗೋಡೆ ಕಾಣಿಸಿತು. ಗೋಡೆಯಲ್ಲ, ಗೋಡೆಗೆ ಒತ್ತಿಕೊಂಡು ನಿಂತಿದ್ದ ಇನ್ನೊಂದು ಗೋಡೆ. ಬಿದಿರು ನೆಟ್ಟು, ಗೋಣಿಚೀಲ ಹೊಲಿದು, ಮೇಲೆ ನೀಲಿ ಟಾರ್ಪಾಲು ಹೊದಿಸಿ, ಹಗ್ಗದಿಂದ ಬಿಗಿದು ಕಟ್ಟಿತ್ತು.

"ಅದೇನು ಅತ್ತೆ?"

"ಅದಾ?" ಗೋವಿಂದಮ್ಮಾಳ್ ಹೆಮ್ಮೆಯಿಂದ ನೋಡಿದಳು. "ಅಣೆ ಕಟ್ಟೀನಿ. ಇನ್ನು ನನ್ನ ಸೂಡು ಒಂದು ಚೊಟ್ಟೂ ಆ ಕಡೆ ಓಗಲ್ಲ. ನಿನ್ನೆ ನೋಡಬೇಕಿತ್ತು, ಪೆಟ್ಟಿ ಬುಸ್ ಅಂತ ಬಿಳೀ ಹೊಗೆ ಬುಡ್ತು. ಎಳಕೊಂಡ ಸೂಡನ್ನೆಲ್ಲ ಕಕ್ಕಿಬುಡ್ತು!"

ಅಮುದಾ ಲೋಟ ಕೆಳಗಿಟ್ಟಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಇನ್ನೊಂದು ಲೋಟ ಕಾಫಿ ಕೇಳಿದಳು.

ತಂಗವೇಲ್ ಮನೆಗೆ ಬಂದಾಗ ಬಾಲಮುರುಗನ್ ಆಗಷ್ಟೇ ಬಸ್ಸಿಳಿದು ಬಂದು ಜಗಲಿಯ ಮೇಲೆ ನಿಂಬೆಹಣ್ಣು ಮೂಸುತ್ತ ಕುಳಿತಿದ್ದ. ಮುಖ ಎಳೆ ಬಾಳೆಯೆಲೆಯ ಬಣ್ಣದಲ್ಲಿತ್ತು. ಅಮುದಾ ಇಬ್ಬರನ್ನೂ ಸೀದಾ ಬೆಳ್ಳುಳ್ಳಿ ತೋಟಕ್ಕೆ ಕರೆದುಕೊಂಡು ಹೋದಳು.

ಟಾರ್ಪಾಲಿನ ಅಂಚು ಎತ್ತಿ ಬಾಲಮುರುಗನ್ ಒಳಗೆ ಇಣುಕಿದ. ಪೆಟ್ಟಿಗೆಯ ಮೈಯೆಲ್ಲ ಬೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. "ಎಲ್ಲ ಕ್ಲಿಯರ್ ಅಂದ್ರಲ್ಲ ಅಣ್ಣಾ," ಎಂದ. ತಂಗವೇಲ್ ಆಕಾಶ ನೋಡಿದ.

ಗೋವಿಂದಮ್ಮಾಳ್ ಅಣೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕೋಳಿಯೂ ಪಕ್ಕದಲ್ಲೇ ನಿಂತಿತ್ತು. ಬಾಲಮುರುಗನ್ ತನಗೆ ಗೊತ್ತಿದ್ದ ಕನ್ನಡವನ್ನೆಲ್ಲ ಒಟ್ಟುಗೂಡಿಸಿ ವಿವರಿಸತೊಡಗಿದ.

"ಪಾಟಿ, ಗಾಳಿ ಒಂದೇ ಜಾಗದಲ್ಲಿ ನಿಲ್ಲಲ್ಲ. ಓಡ್ತಾನೇ ಇರ್ತದೆ. ಮಿಷಿನ್ ಕೊಂಚ ಎಳಕೊಂಡ್ರೆ ಏನಂತೆ, ಹಿಂದಿಂದ ಬೇರೆ ಗಾಳಿ ಬತ್ತದೆ."

"ವಾಯ್ಕಾಲಲ್ಲಿ ನೀರೂ ಓಡ್ತಾನೇ ಇರ್ತದೆ. ಅದಕ್ಕೆ ಕೇಳೋರಿಲ್ವಾ?"

"ನೀರು ಮುಗೀತದೆ ಪಾಟಿ. ಗಾಳಿ ಮುಗಿಯಲ್ಲ."

"ನೀರು ಮುಗಿಯಲ್ಲ ಅಂತಾನೇ ಮೇಲ್ಗದ್ದೆಯವರೆಲ್ಲ ಯೋಳ್ತಾ ಇದ್ದದ್ದು."

ಬಾಲಮುರುಗನ್ ಮತ್ತೆ ನಿಂಬೆಹಣ್ಣು ಮೂಸಿದ. ಬೇಕಾದರೆ ಮಧುರೈಗೆ ಹೋಗಿ ದೊಡ್ಡ ಎಂಜಿನಿಯರನ್ನು ಕರೆತರುತ್ತೇನೆ, ಇವರಿಗೆ ಹೇಳುವುದು ನನ್ನಿಂದಾಗದು ಎಂದು ತಮಿಳಿನಲ್ಲಿ ಗೊಣಗಿಕೊಂಡ.

ತಂಗವೇಲ್ ಎಲ್ಲ ಕೇಳುತ್ತಿದ್ದ. ಅವನ ಅಪ್ಪನಿಗೂ ಕಂಬಂನಲ್ಲಿ ಕಾಲುವೆಯ ಕೆಳಗೆ ಗದ್ದೆಯಿತ್ತು. ನೀರಿನ ಜಗಳದಲ್ಲಿ ಗುದ್ದಲಿ ಎತ್ತಿದವರನ್ನು ಅವನು ಕಂಡಿದ್ದ. ಅವರನ್ನು ಒಂದಾಗಿಸಿದ್ದು ಯಾವ ಎಂಜಿನಿಯರೂ ಅಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಅವನು ಪಂಚೆ ಮೇಲೆತ್ತಿ ಕಟ್ಟಿ ಬೇಲಿಯ ಕಲ್ಲಿನ ಮೇಲೆ ಕುಳಿತ.

"ಅತ್ತೆ, ಮುರೆ ಇಟ್ಕಳಾನಾ?"

ಗೋವಿಂದಮ್ಮಾಳ್‌ಳ ಹುಬ್ಬು ಇಳಿಯಿತು. ಮುರೆ ಎಂದರೆ ಸರದಿ. ಕಣಿವೆಯಲ್ಲಿ ಗದ್ದೆಗಳಿಗೆ ನೀರು ಬಿಡುವುದು ಅದರ ಪ್ರಕಾರವೇ. ಈ ಮಾತು ಅವಳಿಗೆ ಅರ್ಥವಾಗುತ್ತಿತ್ತು.

"ಯೋಳು."

"ಹೊತ್ತು ಉಟ್ಟಿದಾಗಿಂದ ಮುಳುಗೋವರೆಗೂ ಸೂಡೆಲ್ಲ ಪೂಂಡಿಗೆ. ದೀಪ ಅಚ್ಚಿದ ಮೇಲೆ ಅಮುದಾಗೆ. ನಿಮ್ಮ ಮುರೇಲಿ ನಾನು ಮಿಷಿನ್ ಮುಟ್ಟಲ್ಲ. ನಮ್ಮ ಮುರೇಲಿ ನೀವು ಅಣೆ ಕಟ್ಟಬಾರದು."

ಹಗಲು ಹೊತ್ತಿನಲ್ಲಿ ಅವರು ಯಂತ್ರವನ್ನು ಎಂದೂ ಹಾಕುತ್ತಿರಲಿಲ್ಲ. ಬಾಲಮುರುಗನ್ ಅದನ್ನು ಹೇಳಲು ಬಾಯಿ ತೆರೆದ. ಅಮುದಾ ಅವನ ಕಾಲನ್ನು ಮೆಲ್ಲಗೆ ತುಳಿದಳು.

ಗೋವಿಂದಮ್ಮಾಳ್ ಯೋಚಿಸಿದಳು. "ಅಮಾಸೆ ದಿನ ಮುರೆ ಯಾರದು?"

"ಅಮಾಸೆ ಪೂರ್ತಿ ನಿಮ್ದೇ," ಎಂದ ತಂಗವೇಲ್ ಉದಾರವಾಗಿ.

"ಅದೆಂಗಾಗ್ತದೆ?" ಅಮುದಾ ಸಿಡಿದಳು. "ಅಮಾಸೇಲಿ ತಾನೆ ಕುಳಿರು ಜಾಸ್ತಿ! ಅತ್ತೆ, ಅವತ್ತು ಮಿಷಿನ್ ನಂದು. ನೀವು ಬೇಕಾದ್ರೆ ಬಂದು ನಮ್ಮ ಜೊತೆ ಕೂತ್ಕಳಿ."

"ಕೋಳಿ?"

ಎಲ್ಲರೂ ತಂಗವೇಲ್‌ನ ಮುಖ ನೋಡಿದರು. ಅವನು ಕೋಳಿಯ ಮುಖ ನೋಡಿದ. ಕೋಳಿ ಅವನನ್ನು ಒಂದೇ ಕಣ್ಣಿನಿಂದ ನೋಡಿತು.

"ಬುಟ್ಟಿಯೊಳಗೆ ಇದ್ರೆ ಸರಿ," ಎಂದ ಅವನು. "ಮುಚ್ಚಳ ಆಕಿ."

ಒಪ್ಪಂದವಾಯಿತು. ಗೋವಿಂದಮ್ಮಾಳ್ ತಾನೇ ಕುಡುಗೋಲು ತಂದು ಹಗ್ಗ ಕೊಯ್ದಳು. ಟಾರ್ಪಾಲು, ಗೋಣಿ, ಬಿದಿರು ಎಲ್ಲ ಕೆಳಗೆ ಬಿದ್ದವು. ಬಾಲಮುರುಗನ್ ಮಂಜುಗಡ್ಡೆಯನ್ನು ಉಗುರುಬೆಚ್ಚನೆಯ ನೀರು ಹುಯ್ದು ಕರಗಿಸಿ, ಫ್ಯಾನಿನ ಎಲೆಗಳು ನೆಟ್ಟಗಿವೆಯೇ ಎಂದು ಕೈಯಿಂದ ತಿರುಗಿಸಿ ನೋಡಿ, ಕೆಳಗೆ ನೀರು ಇಳಿಯುವ ತೂತಿಗೆ ಸಿಕ್ಕಿದ್ದ ಬೆಳ್ಳುಳ್ಳಿ ಸಿಪ್ಪೆಯನ್ನು ಕಡ್ಡಿಯಿಂದ ತೆಗೆದ. ಗೋವಿಂದಮ್ಮಾಳ್ ಕೊಟ್ಟ ಸುಕ್ಕು ಕಾಫಿ ಕುಡಿದ ಮೇಲೆ ಅವನ ಮುಖಕ್ಕೆ ಮನುಷ್ಯರ ಬಣ್ಣ ಬಂತು. ಕೊನೆಯ ಬಸ್ಸಿಗೆ ಓಡುತ್ತ, ಇನ್ನು ಮೇಲೆ ಯಾರಿಗೂ ಯಂತ್ರ ಎಲ್ಲಿಂದ ಸೂಡು ತರುತ್ತದೆಂದು ಹೇಳುವುದಿಲ್ಲ, ಕರೆಂಟಿನಿಂದ ಬರುತ್ತದೆ ಎಂದು ಹೇಳಿ ಮುಗಿಸಿಬಿಡುತ್ತೇನೆ ಎಂದ.

ಹೊತ್ತು ಮುಳುಗಿತು. ತಂಗವೇಲ್ ರಿಮೋಟು ಹಿಡಿದು ಕುಳಿತಿದ್ದ, ಆದರೆ ಒತ್ತಲಿಲ್ಲ. ಮಾತು ಮಾತೇ. ಅಮುದಾ ನಡುಗುತ್ತ ಅವನನ್ನು ದುರುಗುಟ್ಟಿ ನೋಡುತ್ತಿದ್ದಳು. ಆಗ ಗೋವಿಂದಮ್ಮಾಳ್‌ಳ ದನಿ ಬೇಲಿಯಾಚೆಯಿಂದ ಕೇಳಿಸಿತು, ಗದ್ದೆಯ ಬದುವಿನ ಮೇಲೆ ನಿಂತು ಕೂಗುವವರ ಹಾಗೆ ಉದ್ದಕ್ಕೆ ಎಳೆದು:

"ಅಮುದಾ! ನಿನ್ನ ಮುರೆ ಬಂತೂ! ಮಡೆ ತಗಿ!"

ತಂಗವೇಲ್ ಒತ್ತಿದ. ಸೂರ್ಯನ ಚಿತ್ರ ಬಂತು. ಯಂತ್ರ ಗುಂಯ್ ಎಂದು ಎದ್ದು ಬಿಸಿಗಾಳಿ ಊದತೊಡಗಿತು, ನಡುವೆ ಒಮ್ಮೆಯೂ ನಿಲ್ಲಲಿಲ್ಲ. ಅಮುದಾ ಟವೆಲ್ಲು ತೆಗೆದಳು. ಕೊಂಚ ಹೊತ್ತಿಗೆ ಗಂಡನ ಸ್ವೆಟರು ತೆಗೆದಳು. ಇನ್ನೂ ಕೊಂಚ ಹೊತ್ತಿಗೆ ತನ್ನದನ್ನೂ ತೆಗೆದು ಸೋಫಾದ ಮೇಲೆ ಹಾಕಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಏನಿದು, ಬೇಯ್ತದೆ! ಆ ಕಿಟಕಿ ತಗೀರಿ ಕೊಂಚ."

ತಂಗವೇಲ್ ಎದ್ದು ಹೋಗಿ ಮುಂದಿನ ಕಿಟಕಿಯ ಎರಡೂ ಬಾಗಿಲು ತೆರೆದ. ಬೆಚ್ಚನೆಯ ಗಾಳಿ ಅವನ ಕಿವಿಯ ಪಕ್ಕದಿಂದ ಸುಳಿದು ಹೊರಗೆ ಹೋಯಿತು.

"ಆಂ, ಅಂಗೇ ಇರ್ಲಿ ತಂಗವೇಲು!" ಕತ್ತಲೆಯಿಂದ ಗೋವಿಂದಮ್ಮಾಳ್ ಕೂಗಿ ಹೇಳಿದಳು. "ಅಂಗೇ ಇರ್ಲಿ, ಮುಚ್ಚಬೇಡ!"